ದಂಡಿಗೆ ಹೋಯ್ತು

ಮುನೀಂದ್ರನಿಗೆ ತನ್ನ ತಾತನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಹೆಸರು ದೊಡ್ಡಮುನಿಯಪ್ಪ, ಮೀಸೆ ದೊಡ್ಡದು, ಮಾತು ಕಡಿಮೆ. ತಾತ ಸತ್ತಾಗ ಇವನಿಗೆ ಎಂಟು ವರ್ಷ. ಮೀಸೆ ನೆನಪಿದೆ, ಮುಖ ನೆನಪಿಲ್ಲ. ಇಷ್ಟು ಬಂಡವಾಳ ಇಟ್ಟುಕೊಂಡು, ಅರವತ್ತು ದಾಟಿದ ಮೇಲೆ, ಅವನು ವಂಶದ ಚರಿತ್ರೆ ಬರೆಯಲು ಕೂತ. ಧೈರ್ಯವನ್ನು ಮೆಚ್ಚಬೇಕು.

ಊರು ಮಾರೇನಕುಂಟೆ, ಬೆಂಗಳೂರಿನ ವಿಮಾನಪುರದ ಮಗ್ಗುಲಿಗೆ. ಊರು ಅನ್ನುವುದು ಈಗ ಬಾಯಿಮಾತಿಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ, ಅದರಲ್ಲಿ ಎರಡು ಮುನೀಂದ್ರನವೇ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಯಲು ಬಂದವರು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಹೂಡಿದ್ದಾರೆ. ವಿಮಾನ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತನಾದ ಮುನೀಂದ್ರನಿಗೆ ಬೆಳಿಗ್ಗೆ ವಾಕಿಂಗು, ಆಮೇಲೆ ನೀರಿನ ಮೋಟರು, ಸಂಜೆ ಅಶ್ವತ್ಥಕಟ್ಟೆ. ಕೈತುಂಬ ಹೊತ್ತು, ಮಾಡಲು ಕೆಲಸವಿಲ್ಲ. ಇಂಥ ಹೊತ್ತಿನಲ್ಲೇ ಮನುಷ್ಯನಿಗೆ ಪೂರ್ವಿಕರು ನೆನಪಾಗುವುದು.

ಮಗಳು ಹಂಸ ಇಂದಿರಾನಗರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಅಪ್ಪ ಬರೆದದ್ದನ್ನು ಅವಳಿಗೆ ತೋರಿಸಿದ. ಜನನ, ವಿವಾಹ, ಮರಣ; ಮೂರು ಸಾಲು.

“ಇದೇನಪ್ಪಾ, ರೇಷನ್ ಕಾರ್ಡ್ ಥರ ಇದೆ,” ಅಂದಳು ಹಂಸ. “ಮುತ್ತಾತ ಹುಟ್ಟಿದಾಗ ಪ್ರಪಂಚದಲ್ಲಿ ಏನಾಗ್ತಿತ್ತು, ಮದುವೆ ಆದಾಗ ದೇಶದಲ್ಲಿ ಏನ್ ನಡೀತಿತ್ತು, ಅದನ್ನ ಪಕ್ಕದಲ್ಲಿ ಸೇರಿಸಿ. ಆಗ ಸ್ವಲ್ಪ ಜೀವ ಬರುತ್ತೆ.”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಅಪ್ಪನಿಗೆ ಚಿಟಿಕೆ ಉಪ್ಪು ಹಾಕು ಅಂದರೆ ಹಿಡಿ ಹಾಕುವ ಸ್ವಭಾವ. ಮೊಬೈಲಿನಲ್ಲಿ ವರ್ಷ ಒತ್ತಿದರೆ ಸಾಕು, ಆ ವರ್ಷದ ಪ್ರಪಂಚವೆಲ್ಲ ಬಂದು ಕಾಲಬುಡದಲ್ಲಿ ಬೀಳುತ್ತಿತ್ತು. ‘ಯೂರೋಪಿನಲ್ಲಿ ಮೊದಲ ಮಹಾಯುದ್ಧದ ಕಹಳೆ ಮೊಳಗಿದ ೧೯೧೪ರಲ್ಲಿ ಶ್ರೀಯುತರ ಜನನ.’ ಆ ಕಹಳೆಗೂ ಮಾರೇನಕುಂಟೆಯ ಹೆರಿಗೆಗೂ ಏನು ಸಂಬಂಧ ಎಂದು ಕೇಳುವವರಿರಲಿಲ್ಲ. ‘ದೇಶ ಉಪ್ಪಿನ ಸತ್ಯಾಗ್ರಹಕ್ಕೆ ಧುಮುಕಿದ್ದ ೧೯೩೦ರಲ್ಲಿ ಶ್ರೀಯುತರು ಗೃಹಸ್ಥಾಶ್ರಮಕ್ಕೆ ಕಾಲಿಟ್ಟರು.’ ಯಾರ ಕೈ ಹಿಡಿದು ಕಾಲಿಟ್ಟರು ಎನ್ನುವುದು ಆ ಸಾಲಿನಲ್ಲಿ ಇರಲಿಲ್ಲ. ಇಲ್ಲ ಎನ್ನುವುದು ಬರೆದವನಿಗೆ ಹೊಳೆಯಲೂ ಇಲ್ಲ. ‘೧೯೭೧ರಲ್ಲಿ, ನಮ್ಮ ಸೈನ್ಯ ಢಾಕಾದಲ್ಲಿ ಗೆದ್ದ ಸುದ್ದಿ ಕೇಳಿ ತೃಪ್ತಿಯಿಂದ ಕಣ್ಣು ಮುಚ್ಚಿದರು.’ ಕೊನೆಯ ಕಾಲಕ್ಕೆ ತಾತನಿಗೆ ಕಿವಿ ಪೂರ್ತಿ ಮಂದವಾಗಿತ್ತು. ಇರಲಿ.

ಮದುವೆಗೂ ಸಾವಿಗೂ ನಡುವೆ ನಲವತ್ತು ವರ್ಷ ಖಾಲಿ ಬಿದ್ದಿತ್ತು. ಅದನ್ನು ತುಂಬಿಸಲು ಉಳಿದಿದ್ದವಳು ಒಬ್ಬಳೇ, ಸೋದರತ್ತೆ ಆಂಜನಮ್ಮ. ದೊಡ್ಡಮುನಿಯಪ್ಪನ ಹಿರಿಮಗಳು, ಮುನೀಂದ್ರನ ತೀರಿಹೋದ ಅಪ್ಪನಿಗೆ ಅಕ್ಕ. ತೊಂಬತ್ತರ ಹತ್ತಿರದ ಜೀವ. ಹಲಸೂರಿನ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಮಗನ ಮನೆಯಲ್ಲಿದ್ದಳು. ಓದು ಬರಹ ಇಲ್ಲ, ಎರಡು ಕಣ್ಣಿಗೂ ಪೊರೆ, ನೆನಪು ಮಾತ್ರ ಗಟ್ಟಿ.

ಮುನೀಂದ್ರ ಮೂಸಂಬಿ ಹಣ್ಣು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತ. “ಅತ್ತೆ, ಲಡಾಯಿ ಕಾಲದ್ದು ಏನಾದ್ರೂ ನೆನಪೈತಾ? ಜಪಾನಿನೋರು ಬತ್ತಾರೆ ಅಂತಿದ್ರಲ್ಲ, ಆವಾಗಿಂದು?”

ಆಂಜನಮ್ಮ ಹಣ್ಣು ಪಕ್ಕಕ್ಕಿಟ್ಟಳು. ಆಮೇಲೆ ಅಂದಳು: “ನೆನಪಿಲ್ದೆ ಏನು. ಆವಾಗ ದಂಡಿಗೆ ಹೋಯ್ತು ಕಣಪ್ಪ. ಮೂರು ವರ್ಸ ಹೋಯ್ತು. ರಕ್ತ ನೋಡಿ ನೋಡಿ, ಮನೇಗ್ ಬಂದ್ರೆ ಅನ್ನ ಸೇರ್ತಿರ್ಲಿಲ್ಲ. ನಿದ್ದೇಲಿ ಬೆಚ್ಚಿ ಬೀಳ್ತಿತ್ತು.”

“ದಂಡಿಗಾ ಅತ್ತೆ?”

“ಹೂಂ, ದಂಡಿಗೆ. ಸೋಲ್ಜರ್‌ಗಳ ಮಧ್ಯ. ಕೈಯೆಲ್ಲ ಬೆಂದು ಸುಕ್ಕಾಗಿತ್ತು. ಅಷ್ಟು ಕಷ್ಟ ಬಿದ್ರೂ ಯಾರೂ ಒಂದು ಒಳ್ಳೆ ಮಾತಾಡ್ಲಿಲ್ಲ. ಮನೇಲಿ ಆ ಮಾತೇ ಎತ್ತಂಗಿರ್ಲಿಲ್ಲ.”

ಮುನೀಂದ್ರನ ಎದೆ ಉಬ್ಬಿತು. ತಾತ ಸಿಪಾಯಿ! ಆ ಮೀಸೆ, ಆ ಮೌನ, ಎಲ್ಲಕ್ಕೂ ಒಂದೇ ಏಟಿಗೆ ಅರ್ಥ ಸಿಕ್ಕಿತು. ಬೆಂದ ಕೈ ಎಂದರೆ ಬಂದೂಕಿನ ಕಾವು. ಮನೆಗೆ ಬಂದಾಗ ಎಂದರೆ ರಜೆಯ ಮೇಲೆ ಬಂದಾಗ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಆದರೆ ಬೇಕಾದ ಉತ್ತರ ಸಿಕ್ಕ ಮೇಲೆ ಪ್ರಶ್ನೆ ಕೇಳುವ ಪದ್ಧತಿ ಯಾರಿಗಿದೆ?

“ನಾನು ಕಲ್ಲು ಹಾಕಿಸ್ತೀನಿ ಅತ್ತೆ,” ಅಂದ. “ಊರ ಬಾಗಿಲಲ್ಲಿ, ಅಶ್ವತ್ಥಕಟ್ಟೆ ಪಕ್ಕ. ಹೆಸರು ಕೆತ್ತಿಸಿ.”

ಮುದುಕಿ ಅವನ ಕೈ ಹುಡುಕಿ ಹಿಡಿದುಕೊಂಡಳು. ಪೊರೆ ಬಂದ ಕಣ್ಣಲ್ಲಿ ನೀರು ತುಂಬಿತು. “ಹಾಕ್ಸಪ್ಪ. ನಮ್ಮ ವಂಸದಾಗೆ ಒಬ್ಬನಿಗಾದ್ರೂ ಅನ್ನಿಸ್ತಲ್ಲ,” ಅಂದಳು.

ಅಲ್ಲಿಂದ ಮುಂದೆ ತಾತನನ್ನು ಹಿಡಿಯುವವರೇ ಇರಲಿಲ್ಲ. ಸಿಪಾಯಿ ಎಂದ ಮೇಲೆ ಎಲ್ಲಾದರೂ ಯುದ್ಧ ಮಾಡಬೇಕಲ್ಲ. ಮುನೀಂದ್ರ ಅವನನ್ನು ಬರ್ಮಾಕ್ಕೆ ಕಳಿಸಿದ. ‘ಜಪಾನಿನ ಸೈನ್ಯ ಪೂರ್ವದ ಗಡಿಗೆ ಬಂದು ನಿಂತಿದ್ದ ೧೯೪೨ರಲ್ಲಿ ಶ್ರೀಯುತರು ಸೈನ್ಯ ಸೇರಿ, ಬರ್ಮಾ ರಣರಂಗದಲ್ಲಿ ರಕ್ತದೋಕುಳಿಯ ನಡುವೆ ಹೋರಾಡಿ, ೧೯೪೫ರಲ್ಲಿ ವಿಜಯಿಯಾಗಿ ಮರಳಿದರು.’ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮಲ್ಲಿ ಬರವೇ? ಅಶ್ವತ್ಥಕಟ್ಟೆಯಲ್ಲಿ ಅವನಿಗೆ ನಡುವಿನ ಜಾಗ ಬಿಟ್ಟುಕೊಟ್ಟರು. ಆಗಸ್ಟ್ ಹದಿನೈದಕ್ಕೆ ಬಡಾವಣೆಯ ಶಾಲೆಯವರು ಕರೆದು ಇವನ ಕೈಯಲ್ಲೇ ಬಾವುಟ ಹಾರಿಸಿದರು, ಮಕ್ಕಳು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದವು. ಯಾವ ಮದುವೆಯಲ್ಲೂ ಇವನನ್ನು ಕಣ್ಣೆತ್ತಿ ನೋಡದ ಕಮ್ಮನಹಳ್ಳಿಯ ನೆಂಟರು ಫೋನ್ ಮಾಡಿ ಮಾತಾಡಿಸಿದರು. ಮೊದಲ ಮಹಡಿಯ ಬಾಡಿಗೆಯವನು ಈರೇಶ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ, “ನಿಮ್ಮ ಮುತ್ಯಾ ಮಿಲಿಟ್ರ್ಯಾಗ ಇದ್ರಂತಲ್ರಿ ಸರ, ಭಾಳ ದೊಡ್ಡ ಮಾತ್ ಬಿಡ್ರಿ,” ಎನ್ನುತ್ತಿದ್ದ. ಮುನೀಂದ್ರ ಬೆನ್ನು ನೆಟ್ಟಗೆ ಮಾಡಿ ಮೆಟ್ಟಿಲು ಇಳಿಯುತ್ತಿದ್ದ. ಮೀಸೆಯನ್ನೂ ಬಿಡಲು ಶುರುಮಾಡಿದ.

ಕೃಷ್ಣರಾಜಪುರಕ್ಕೆ ಹೋಗುವ ದಾರಿಯಲ್ಲಿ ದುರ್ಗೇಶ ಎನ್ನುವವನ ಕಲ್ಲುಕೆತ್ತನೆ ಅಂಗಡಿ. ಅಲ್ಲಿ ಆಳೆತ್ತರದ ಕರಿಕಲ್ಲು ಸಿದ್ಧವಾಯಿತು. ಮೇಲೆ ದೊಡ್ಡ ಅಕ್ಷರದಲ್ಲಿ ‘ವೀರಯೋಧ ದೊಡ್ಡಮುನಿಯಪ್ಪ’, ಕೆಳಗೆ ಪ್ರಪಂಚದ ಇತಿಹಾಸ. ಮಾಜಿ ಶಾಸಕರು ಭಾನುವಾರ ಬಂದು ಪರದೆ ಸರಿಸಲು ಒಪ್ಪಿದರು. ಕಾರ್ಡು ಅಚ್ಚಾಯಿತು.

ಮೊದಲ ಕಾರ್ಡು ಅತ್ತೆಗೇ ಕೊಡಬೇಕು ಎಂದು ಮುನೀಂದ್ರ ಗುರುವಾರ ಕುಂಕುಮದ ಭರಣಿ ಹಿಡಿದು ಹಲಸೂರಿಗೆ ಹೋದ. ಮಗ ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯ ಬಿಲ್ಕೀಸ್ ಬಂದು ಮುದುಕಿಯ ಜೊತೆ ಕೂರುತ್ತಾಳೆ. ಬಾಗಿಲು ತೆಗೆದವಳು ಅವಳೇ.

“ಬನ್ನಿ ಅಂಕಲ್. ಅಜ್ಜಿದು ದಿನಾ ಅದೇ ಮಾತು,” ಅಂದಳು ಬಿಲ್ಕೀಸ್ ನಗುತ್ತಾ. “‘ನಮ್ಮಮ್ಮಂದು ಕಲ್ಲು ಹಾಕಿಸ್ತವ್ನೆ ನನ್ನ ತಮ್ಮನ ಮಗ’ ಅಂತ. ನಮ್ಮ ಗಲ್ಲಿ ಪೂರಾ ಗೊತ್ತು. ಸೀರೆ ಕೂಡ ತರ್ಸಿ ಇಟ್ಟವ್ರೆ, ಅಮ್ಮನ ಕಲ್ಲಿಗೆ ಉಡ್ಸೋಕೆ.”

ಅಮ್ಮಂದಲ್ಲಮ್ಮ, ಅಪ್ಪಂದು ಎಂದು ತಿದ್ದಲು ಮುನೀಂದ್ರ ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ಆಂಜನಮ್ಮನ ದನಿ ಬಂತು. “ಮುನೀಂದ್ರನಾ? ಬಾರಪ್ಪ. ಬಿಲ್ಕೀಸಮ್ಮಂಗೆ ನಮ್ಮವ್ವನ ಕತೆನೇ ಹೇಳ್ತಿದ್ದೆ. ಕೂತ್ಕೊ, ನೀನೂ ಕೇಳು.”

ತಿದ್ದುವುದನ್ನು ಬಿಟ್ಟು ಮುನೀಂದ್ರ ಒಳಗೆ ಹೋಗಿ ಕೂತ.

ಇಲ್ಲಿ ಎರಡು ಮಾತು ಹೇಳಬೇಕು. ಮೊದಲನೆಯದು, ಈ ಕಡೆಯ ಹಳಬರು ಹಿರಿಯರನ್ನು ಅವನು ಅವಳು ಎನ್ನುವುದಿಲ್ಲ. ಅಪ್ಪ ಬಂತು, ಅವ್ವ ಹೋಯ್ತು, ತಾತ ಹೇಳ್ತಿತ್ತು, ಅದು ಗೌರವ. ಹೋದದ್ದು ಗಂಡೋ ಹೆಣ್ಣೋ ಆ ಮಾತಿನಿಂದ ತಿಳಿಯುವುದಿಲ್ಲ, ಕೇಳಬೇಕು. ಎರಡನೆಯದು, ದಂಡು ಎಂದರೆ ಸೈನ್ಯ ನಿಜ. ಆದರೆ ಹಲಸೂರು, ಶಿವಾಜಿನಗರ ಸೇರಿದ ಬಿಳಿಯರ ಊರನ್ನೆಲ್ಲ ಹಳ್ಳಿಯವರು ದಂಡು ಎಂದೇ ಕರೆಯುತ್ತಿದ್ದರು. ರೈಲ್ವೆ ನಿಲ್ದಾಣದ ಬೋರ್ಡಿನಲ್ಲಿ ಬೆಂಗಳೂರು ದಂಡು ಎಂದು ಇವತ್ತಿಗೂ ಇದೆ. ಮುನೀಂದ್ರ ಎಷ್ಟು ಸಲ ಆ ಬೋರ್ಡಿನ ಕೆಳಗೆ ರೈಲಿಗೆ ಕಾದಿದ್ದಾನೋ. ಪ್ರಪಂಚದ ಇತಿಹಾಸವನ್ನೆಲ್ಲ ಜಾಲಾಡಿದವನಿಗೆ ತನ್ನ ಮನೆಯ ಕನ್ನಡ ಗೊತ್ತಾಗಲಿಲ್ಲ.

ಮುದುಕಿ ಹೇಳುತ್ತಾ ಹೋದಳು. ದಂಡಿನ ಮಿಲಿಟರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಗಾಯಕ್ಕೆ ಕಟ್ಟಿದ ಪಟ್ಟಿ, ರಕ್ತ ಕೀವು ಹತ್ತಿದ ಹಾಸಿಗೆ ಬಟ್ಟೆ, ಎಲ್ಲವನ್ನೂ ದೊಡ್ಡ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ ಒಗೆಯಬೇಕು. ಅವಳ ಅವ್ವ ಕೋಳಿ ಕೂಗುವ ಮೊದಲೇ ಎದ್ದು, ಮುದ್ದೆ ತಿರುವಿಟ್ಟು, ಕೆರೆ ಏರಿ ಹಿಡಿದು ನಡೆದು ಹೋಗುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ನಡೆದು ಬರುತ್ತಿದ್ದಳು. ಮೂರು ವರ್ಷ.

“ತಾತ ಆವಾಗ ಎಲ್ಲಿತ್ತು ಅತ್ತೆ?” ಅಂದ ಮುನೀಂದ್ರ.

“ನಮ್ಮಪ್ಪನಾ?” ಆಂಜನಮ್ಮ ಬೊಚ್ಚುಬಾಯಲ್ಲಿ ನಕ್ಕಳು. “ಪಟಾಲಂಗೆ ಜನ ಸೇರ್ಸೋರು ಡೋಲು ಬಡ್ಕೊಂಡು ಬಂದ್ರು. ಗಂಡಸರನ್ನ ಹಿಡ್ಕೊಂಡು ಹೋಗ್ತಾರೆ ಅಂತ ಯಾರೋ ಪುಕಾರು ಎಬ್ಬಿಸಿದ್ರು. ನಮ್ಮಪ್ಪ ಅವತ್ತೇ ಮಾಲೂರು ಕಡೆ ಅವರಕ್ಕನ ಮನೆಗೆ ಓಡಿಹೋಯ್ತು. ಲಡಾಯಿ ಮುಗಿಯೋಗಂಟ ಬರ್ಲಿಲ್ಲ. ಬಂದಾಗ ಇಷ್ಟುದ್ದ ಮೀಸೆ ಬಿಟ್ಕೊಂಡು ಬಂತು, ಗುರ್ತು ಸಿಗಬಾರ್ದು ಅಂತ.”

ಬಿಲ್ಕೀಸ್ ಕಿಸಕ್ಕನೆ ನಕ್ಕಳು. ಮುನೀಂದ್ರನ ಕೈ ತಾನಾಗಿ ಮೂಗಿನ ಕೆಳಗೆ ಹೋಗಿ ಹಿಂದಕ್ಕೆ ಬಂತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇಲ್ಲಿ ಜಟ್ಟಿ ಅಖಾಡಕ್ಕೇ ಇಳಿದಿರಲಿಲ್ಲ.

ನಗು ಅಲ್ಲಿಗೇ ಮುಗಿಯಿತು. ಮುಂದಿನದು ಹೇಳುವಾಗ ಮುದುಕಿಯ ದನಿ ತಗ್ಗಿತು. ಒಕ್ಕಲು ಮನೆಯ ಸೊಸೆ ಬಿಳಿಯರ ರಕ್ತದ ಬಟ್ಟೆ ಒಗೆಯುವುದೆಂದರೆ ಊರಿಗೆ ಅದು ಮೈಲಿಗೆ. ಸೋಲ್ಜರುಗಳಿರುವ ಕಡೆ ಹೆಂಗಸು ದಿನಾ ಹೋಗುವುದೆಂದರೆ ಅದಕ್ಕಿಂತ ಕೆಟ್ಟ ಮಾತು. ಬಾವಿಕಟ್ಟೆಯಲ್ಲಿ ಹೆಂಗಸರು, ಹೆತ್ತವರು ದೇವಿಯದೆಂದು ಇಟ್ಟ ಅವಳ ಹೆಸರಿಗೇ ಒಂದು ಪದ ಕಟ್ಟಿದ್ದರು: ‘ಪಟಾಲಮ್ಮ ಪಟಾಲಂಗೆ ಹೊಂಟ್ಲು.’ ಪಟಾಲಂ ಎಂದರೆ ಸಿಪಾಯಿಗಳ ಗುಂಪು. ಆ ಮಾತಿನ ಅರ್ಥ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತಿತ್ತು.

ಪಟಾಲಮ್ಮ. ಅಜ್ಜಿಯ ಹೆಸರು ಪಟಾಲಮ್ಮ ಎಂದು ಮುನೀಂದ್ರನಿಗೆ ಗೊತ್ತಾದದ್ದು ಆ ಕ್ಷಣ. ಅವನು ಹುಟ್ಟುವ ಮೊದಲೇ ತೀರಿಹೋಗಿದ್ದಳು. ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಢಾಕಾದ ಸುದ್ದಿ ಹುಡುಕಲು ಅವನಿಗೆ ಪುರಸೊತ್ತಿತ್ತು.

“ಅವ್ವ ದಂಡಿನಿಂದ ತಂದ ಗೋಧಿಹಿಟ್ಟು ಎಲ್ಲಾರೂ ತಿಂತಿದ್ರು,” ಅಂದಳು ಆಂಜನಮ್ಮ. “ಅವ್ವ ಕೊಟ್ಟ ನೀರು ಯಾರೂ ಕುಡೀತಿರ್ಲಿಲ್ಲ. ನಮ್ಮಪ್ಪ ವಾಪಸ್ ಬಂದ್ಮೇಲೆ, ದಂಡು ಅನ್ನೋ ಮಾತು ಈ ಮನೇಲಿ ಬಂದ್ರೆ ನಾಲಿಗೆ ಸೀಳ್ತೀನಿ ಅಂತು. ನನ್ನ ಮದುವೇಲಿ ನಮ್ಮವ್ವನ ಕೈಲಿ ಧಾರೆ ಎರೆಸ್ಲಿಲ್ಲ ಕಣಪ್ಪ. ಆ ಕೈ ಆಗಲ್ಲ ಅಂದ್ರು. ಚಿಕ್ಕಪ್ಪ ಚಿಕ್ಕವ್ವ ಎರೆದ್ರು. ಹೆತ್ತೋಳು ಹಿತ್ಲಾಗೆ ಕೂತು ಹಂಡೆ ಉಜ್ಜುತ್ತಿತ್ತು. ನಾನು ಹಸೆಮಣೆ ಮೇಲಿಂದ ನೋಡ್ದೆ. ಅದು ತಲೆ ಎತ್ಲಿಲ್ಲ.”

ಬಿಲ್ಕೀಸ್ ಕಣ್ಣೊರೆಸಿಕೊಂಡಳು. ಮುದುಕಿ ಕೈ ಚಾಚಿ ಮುನೀಂದ್ರನ ಮಂಡಿ ಮುಟ್ಟಿದಳು. “ನೀನು ಕಲ್ಲು ಹಾಕಿಸ್ತೀನಿ ಅಂದ ದಿನದಿಂದ ನಂಗೆ ನಿದ್ದೆ ಚೆನ್ನಾಗಿ ಬತ್ತೈತೆ. ಹೆಸ್ರು ಸರ್ಯಾಗಿ ಕೆತ್ಸಿದ್ದೀಯಾ? ಪಟಾಲಮ್ಮ ಅಂತ?”

ಆಗ ಹೇಳಬಹುದಿತ್ತು. ಅತ್ತೆ, ತಪ್ಪಾಗಿದೆ, ಸರಿಮಾಡಿಸ್ತೀನಿ ಎನ್ನುವುದು ಎಷ್ಟು ದೊಡ್ಡ ಮಾತು? ಮುನೀಂದ್ರ “ಹೂಂ ಅತ್ತೆ” ಅಂದ.

“ಕಾರ್ಡ್ ಕೊಡಿ ಅಂಕಲ್, ಅಜ್ಜಿಗೆ ಓದಿ ಹೇಳ್ತೀನಿ,” ಅಂದಳು ಬಿಲ್ಕೀಸ್. ಜೇಬಿನಲ್ಲಿದ್ದ ಕಾರ್ಡನ್ನು ಅಂಗೈಯಿಂದ ಒತ್ತಿಹಿಡಿದು, “ಮುಗಿದುಹೋಯ್ತಮ್ಮ,” ಅಂದ. ಆಮೇಲೆ ಒಂದು ಸುಳ್ಳಿಗೆ ಇನ್ನೊಂದು ತಾನಾಗಿ ಬಂತು. “ಭಾನುವಾರ ತುಂಬಾ ರಶ್ಶು ಅತ್ತೆ, ಧೂಳು, ಮೈಕು. ನಿಮಗಾಗಲ್ಲ. ಸೋಮವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ.”

ಮುದುಕಿ ಎರಡು ಕೈಯೆತ್ತಿ ಅವನ ಕೆನ್ನೆ ಸವರಿ ನೆಟಿಕೆ ಮುರಿದಳು. ದೃಷ್ಟಿ ತೆಗೆದಳು, ಅವ್ವನ ಇಂಥ ಮೊಮ್ಮಗನಿಗೆ.

ಮನೆಗೆ ಬಂದು ಹಂಸಳಿಗೆ ಹೇಳಿದ. ಹೇಳದೆ ಇದ್ದಿದ್ದರೆ ಅವನು ಕೆಟ್ಟವನಾಗುತ್ತಿದ್ದ; ಅವನು ಕೆಟ್ಟವನಲ್ಲ, ಅಂಜುಬುರುಕ. ಹಂಸ ಪೂರ್ತಿ ಕೇಳಿ, “ಇನ್ನೂ ಟೈಮಿದೆಯಲ್ಲಪ್ಪಾ, ಕಲ್ಲು ಬದಲಾಯಿಸಿ,” ಅಂದಳು.

“ಜನ ಏನಂತಾರೆ? ಶಾಲೆ ಮಕ್ಕಳು ಸೆಲ್ಯೂಟ್ ಹೊಡೆದಿದ್ದಾರೆ ಕಣಮ್ಮ. ಕಮ್ಮನಹಳ್ಳಿಯೋರು ಬರ್ತಿದ್ದಾರೆ.”

“ಏನಂತಾರೆ? ಅಜ್ಜಿ ದುಡಿದು ಮನೆ ಸಾಕಿದ್ರು ಅಂತಾರೆ.”

“ತಾತ ಓಡಿಹೋಗಿದ್ದ ಅಂತಾರೆ.”

ಹಂಸ ಅಪ್ಪನ ಮುಖ ನೋಡಿದಳು. “ಓಡಿಹೋಗಿದ್ದು ನಿಜ ತಾನೇ?” ಅಂದು ಎದ್ದು ಒಳಗೆ ಹೋದಳು. ಭಾನುವಾರದವರೆಗೆ ಅವಳು ಅಪ್ಪನ ಜೊತೆ ಮಾತಾಡಲಿಲ್ಲ.

ಶುಕ್ರವಾರ ಮುನೀಂದ್ರ ದುರ್ಗೇಶನ ಅಂಗಡಿಗೆ ಹೋದ. ಕಲ್ಲು ಬದಲಾಯಿಸಬೇಕೆಂದೇ ಹೋದ, ಅದನ್ನು ಅವನ ಲೆಕ್ಕಕ್ಕೆ ಹಾಕೋಣ. ದಾರಿಯುದ್ದಕ್ಕೂ ಸಾಲು ಜೋಡಿಸಿಕೊಂಡ. ದುರ್ಗೇಶ ಕಲ್ಲಿನ ಮೇಲೆ ನೀರು ಸುರಿದು ಒರೆಸುತ್ತಿದ್ದ.

“ಇನ್ನೊಂದು ಇದೇ ಸೈಜಿಂದು ಇದೆಯಾ?” ಅಂತ ಕೇಳಿದ ಮುನೀಂದ್ರ.

“ಇದೆಯಲ್ಲ ಸಾರ್. ಮ್ಯಾಟರ್ ಚಿಕ್ಕದಿದ್ರೆ ನಾಳೆ ಸಂಜೆಗೇ ಮಾಡಿಕೊಡ್ತೀನಿ. ಏನ್ ಬರೀಬೇಕು, ಹೇಳಿ.” ದುರ್ಗೇಶ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಕಾದ.

ಪಟಾಲಮ್ಮ ಎಂದು ಶುರುಮಾಡಬೇಕು. ಆಮೇಲೆ? ಸಿಪಾಯಿಗಳ ರಕ್ತದ ಬಟ್ಟೆ ಒಗೆದವಳು ಎನ್ನಬೇಕು. ಬರ್ಮಾ, ರಣರಂಗ, ರಕ್ತದೋಕುಳಿ ಎಲ್ಲ ಎಷ್ಟು ಸರಾಗವಾಗಿ ಬಂದಿದ್ದವು. ಒಗೆದವಳು ಎನ್ನುವ ಒಂದು ಮಾತು ಬಾಯಿಂದ ಹೊರಡಲಿಲ್ಲ. ಎಂಬತ್ತು ವರ್ಷದ ಹಿಂದೆ ಊರಿಗೆ ಯಾವುದು ಮೈಲಿಗೆ ಅನ್ನಿಸಿತ್ತೋ ಅದೇ ಇವನಿಗೂ ಅನ್ನಿಸುತ್ತಿದೆ ಎಂದು ಮುನೀಂದ್ರನಿಗೆ ಹೊಳೆಯಿತು. ಅಷ್ಟರಲ್ಲಿ ಫೋನು ಬಂತು. ಮಾಜಿ ಶಾಸಕರ ಕಡೆಯವರು; ಸಾಹೇಬರು ಖಂಡಿತ ಬರುತ್ತಾರೆ, ಹಾರ ದೊಡ್ಡದಿರಲಿ ಅಂದರು.

“ಏನ್ ಬರೀಲಿ ಸಾರ್?” ದುರ್ಗೇಶ ಮತ್ತೆ ಕೇಳಿದ.

“ಏನಿಲ್ಲ,” ಅಂದ ಮುನೀಂದ್ರ. “ಪಾಲಿಶ್ ಹೇಗೆ ಬಂದಿದೆ ನೋಡೋಣ ಅಂತ ಬಂದೆ.”

ಭಾನುವಾರ ಎಲ್ಲವೂ ಸಾಂಗವಾಗಿ ನಡೆಯಿತು. ಹಾರ ದೊಡ್ಡದಿತ್ತು. ಮಾಜಿ ಶಾಸಕರು ದೊಡ್ಡಮುನಿಯಪ್ಪನವರಂಥ ಗಂಡುಗಲಿಗಳಿಂದಲೇ ಈ ಮಣ್ಣು ಪಾವನವಾಯಿತು ಎಂದರು. ಜನ ಚಪ್ಪಾಳೆ ತಟ್ಟಿದರು. ಮುನೀಂದ್ರನನ್ನು ನಡುವೆ ನಿಲ್ಲಿಸಿ ಪೇಟ ಸುತ್ತಿದರು. ಪೇಟದ ಕೆಳಗೆ ಅವನ ಮುಖ ಬಾಡಿದ ಬದನೆಕಾಯಿ ಆಗಿತ್ತು. ನೋಡಿದವರು ತಾತನ ನೆನಪಿಗೆ ದುಃಖ ಉಕ್ಕಿದೆ ಅಂದುಕೊಂಡರು. ಒಬ್ಬರಂತೂ ಭುಜ ತಟ್ಟಿ ಸಮಾಧಾನ ಹೇಳಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಹಂಸ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಟೋದಲ್ಲಿ ಅತ್ತೆಯನ್ನು ಕರೆತಂದ. ಕೈಹಿಡಿದು ಇಳಿಸಿದ. ಆಂಜನಮ್ಮ ತಲೆಗೆ ನೀರು ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದಳು. ಕಂಕುಳಲ್ಲಿ ಒಂದು ಚೀಲ. ಅದರಲ್ಲಿ ಹಸಿರು ಸೀರೆ, ಅರಿಶಿನ, ಕುಂಕುಮ, ಒಂದು ಮೊಳ ಕನಕಾಂಬರ, ಮುಚ್ಚಳ ಬಿಗಿದ ಚೊಂಬಿನಲ್ಲಿ ಹಾಲು.

“ಎಲ್ಲೈತೆ?” ಅಂದಳು. ಅವನು ಕೈಹಿಡಿದು ಕಲ್ಲಿನ ಮುಂದೆ ನಿಲ್ಲಿಸಿದ. ಅವಳು ಅಂಗೈಯಿಂದ ಕಲ್ಲನ್ನು ಮೇಲಿಂದ ಕೆಳಗೆ ಸವರಿದಳು. ನುಣುಪಿಗೆ ಖುಷಿಪಟ್ಟಳು. “ಎಷ್ಟೊಂದು ಬರ್ದವ್ರೆ. ಹೆಸ್ರು ಯಾವ ಕಡೆ ಐತೆ? ಬೆರಳಿಡು.”

ಮುನೀಂದ್ರ ಅವಳ ತೋರುಬೆರಳು ಹಿಡಿದು ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರಗಳ ಮೇಲೆ ಇಟ್ಟ. ತಾತನ ಹೆಸರಿನ ಮೇಲೆ. “ಇಲ್ಲೈತೆ ಅತ್ತೆ.”

ಮುದುಕಿ ಕುಂಕುಮ ತೆಗೆದು ಒಂದೊಂದು ಅಕ್ಷರದ ಗುಳಿಗೂ ತುಂಬುತ್ತಾ ಹೋದಳು. ಸೀರೆಯನ್ನು ಕಲ್ಲಿನ ಹೆಗಲಿಗೆ ಹೊದಿಸಿದಳು, ಹೂವು ಮುಡಿಸಿದಳು. ಆಮೇಲೆ ಎರಡು ಕೈಯಲ್ಲಿ ಚೊಂಬು ಹಿಡಿದು ಹಾಲು ಎರೆದಳು. ಅವಳ ಮದುವೆಯಲ್ಲಿ ಅವ್ವನ ಕೈಯಿಂದ ತಪ್ಪಿಹೋದ ಧಾರೆಯನ್ನು ಮಗಳು ಹಿಂದಕ್ಕೆ ಕೊಡುತ್ತಿದ್ದಳು. ಹಾಲು ದೊಡ್ಡಮುನಿಯಪ್ಪನ ಹೆಸರಿನ ಮೇಲೆ ಇಳಿದು, ಬರ್ಮಾದ ಮೇಲೆ ಇಳಿದು, ಕಟ್ಟೆಗೆ ಹರಿಯಿತು.

ಆ ಹೊತ್ತಿಗೆ ಈರೇಶನ ಹೆಂಡತಿ ಸೌಂದರ್ಯಾ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವಳು ಅಲ್ಲಿಗೆ ಬಂದಳು. ಮಾಲೀಕರನ್ನು ನೋಡಿ ನಿಂತಳು. ಗೆಜ್ಜೆಯ ಸದ್ದಿಗೆ ಮುದುಕಿ ತಿರುಗಿದಳು.

“ಯಾರಮ್ಮ? ಓದೋಕೆ ಬತ್ತೈತಾ ನಿಂಗೆ?”

“ಬರ್ತದ್ರಿ ಅಜ್ಜಿ.”

“ಈ ಮೇಲಿಂದು ಒಂದ್ಸಲ ಓದಿ ಹೇಳು. ಇವನು ನಮ್ಮವನು, ಇವನ ಬಾಯಲ್ಲಿ ಕೇಳಿದ್ದಾಯ್ತು. ಬೇರೆಯೋರ ಬಾಯಲ್ಲಿ ಕೇಳ್ಬೇಕು. ನಮ್ಮವ್ವನ ಹೆಸ್ರು, ಪಟಾಲಮ್ಮ ಅಂತ. ಎಂಬತ್ತು ವರ್ಸ ಆಯ್ತು, ಈ ಊರೋರು ಒಳ್ಳೆ ಬಾಯಲ್ಲಿ ಆ ಹೆಸ್ರು ಹೇಳಿದ್ದು ನಾನು ಕೇಳಿಲ್ಲ.”

ಸೌಂದರ್ಯಾ ಕಲ್ಲು ನೋಡಿದಳು. ಕೆಂಪು ತುಂಬಿದ ಅಕ್ಷರಗಳು ನಿನ್ನೆಗಿಂತ ಚೆನ್ನಾಗಿ ಕಾಣುತ್ತಿದ್ದವು. ಮುದುಕಿಯ ಮುಖ ನೋಡಿದಳು. ಆಮೇಲೆ ಮುನೀಂದ್ರನ ಮುಖ ನೋಡಿದಳು. ಅವನು ಕಣ್ಣಲ್ಲೇ ಬೇಡಿಕೊಂಡ, ಬಾಡಿಗೆಗೆ ಇರುವ ಹೆಣ್ಣುಮಗಳನ್ನು.

“ಹೂನ್ರಿ ಅಜ್ಜಿ,” ಅಂದಳು ಸೌಂದರ್ಯಾ. “ಪಟಾಲಮ್ಮ ಅಂತ ಬರದಾರ್ರಿ.”

ಮುದುಕಿಯ ಕರುಳು ನೋಡಿ ಹಾಗಂದಳೋ, ಮನೆ ಮಾಲೀಕನ ಮುಖ ನೋಡಿ ಹಾಗಂದಳೋ, ಮುನೀಂದ್ರನಿಗೆ ಯಾವತ್ತೂ ಗೊತ್ತಾಗುವಂತಿರಲಿಲ್ಲ. ಕೇಳಲು ಅವನಿಗೆ ಮುಖವಿರಲಿಲ್ಲ. ಅವಳು ಮತ್ತೆ ಅವನ ಕಡೆ ತಿರುಗಲಿಲ್ಲ.

ಆಂಜನಮ್ಮ ಕಣ್ಣು ಮುಚ್ಚಿ, ಕೈಮುಗಿದು ನಿಂತಳು. “ಇನ್ನೊಂದ್ಸಲ ಓದಮ್ಮ,” ಅಂದಳು. “ವಸಿ ಜೋರಾಗಿ. ಊರಿಗೆ ಕೇಳ್ಲಿ.”

ಸೌಂದರ್ಯಾ ಡಬ್ಬಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ‘ಪಟಾಲಮ್ಮ’ ಎಂದು ಜೋರಾಗಿ ಓದಿದಳು. ಮುನೀಂದ್ರ ಕಲ್ಲಿನ ಹಿಂದಕ್ಕೆ ಹೋಗಿ, ಏನೂ ಬರೆಯದ ಕಡೆ ನಿಂತುಕೊಂಡ.